ಬದುವಿನಾಚೆಯ ಅಜ್ಜಿ

ಪಕ್ಕದ ಜಮೀನಿನ ಅಜ್ಜಿ ಬೈಯಲು ಶುರುಮಾಡಿದರೆ ಕತ್ತಿನ ನರಗಳು ಹಗ್ಗದಂತೆ ಉಬ್ಬುತ್ತಿದ್ದವು. ಬೈಗುಳವೆಲ್ಲ ನಮ್ಮ ಮನೆಗೇ. ಅಪ್ಪ ಬದು ಕೆತ್ತಿ ಅವರ ನೆಲ ಒತ್ತುವರಿ ಮಾಡಿಕೊಂಡರೆಂಬ ಸಿಟ್ಟು. ಮಾಡಿಕೊಂಡದ್ದು ನಿಜವೇ; ನಮ್ಮ ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅಜ್ಜಿಯ ತವರು ಕೊಕ್ಕರೆ ಬೆಳ್ಳೂರು. ಅಲ್ಲಿ ಹೆಜ್ಜಾರ್ಲೆಯಂಥ ಭಾರಿ ಕೊಕ್ಕಿನ ಹಕ್ಕಿಗಳು ಮನೆಮುಂದಿನ ಹುಣಸೆಮರದಲ್ಲೇ ಮರಿ ಮಾಡುತ್ತವೆ. ಅವುಗಳ ನಡುವೆ ಬೆಳೆದ ಅಜ್ಜಿಯ ಬೈಗುಳದಲ್ಲೂ ಪ್ರಾಣಿಗಳೇ ಬರುತ್ತಿದ್ದವು. "ಸಿಂಸಾ ಒಳೇಲಿ ನೀರ್ನಾಯಿಗಳು ಒಗ್ಗಟ್ಟಾಗಿ ಮೀನು ಅಟ್ಕೊಂಡು ತಿಂತವೆ. ನೀವು ಗೇಣು ನೆಲಕ್ಕೆ ಬಾಯಾಕ್ತೀರಲ್ಲಾ, ಥೂ!" ನಮ್ಮ ಶಿಂಷಾ ಹೊಳೆಯಲ್ಲಿ ನೀರುನಾಯಿಗಳಿವೆಯೆಂದು ನನಗೆ ಗೊತ್ತಾದದ್ದೇ ಆ ಬೈಗುಳದಿಂದ.

ಮೂರು ವರ್ಷದ ಹಿಂದೆ ನಮ್ಮ ಕಬ್ಬು ಕಡಿಯುವಾಗ ಒಣ ಸೋಗೆಯ ನಡುವೆ ಎರಡು ಚಿರತೆ ಮರಿ ಸಿಕ್ಕವು. ಕೂಲಿಯವರು ಓಡಿದರು. ನಾನು ಮರಿಗಳನ್ನು ಮಂಕರಿಗೆ ಹಾಕಿಕೊಂಡು ಬಂದು, ಅಮ್ಮ ಮಲಗುವ ಜಗುಲಿಯ ಮೇಲಿಟ್ಟೆ. ಜನ ಮೊಬೈಲು ಹಿಡಿದು ಮುತ್ತಿಕೊಂಡರು.

ಎಷ್ಟೋ ವರ್ಷದಿಂದ ನಮ್ಮ ಅಂಗಳ ತುಳಿಯದಿದ್ದ ಅಜ್ಜಿ ಜನರನ್ನು ತಳ್ಳಿಕೊಂಡು ಬಂದರು.

"ಲೇ ಗೂಬೆ, ಇದ್ರವ್ವ ಕಾಡಲ್ಲಿಲ್ಲ, ನಿನ್ ಕಬ್ಬಲ್ಲೇ ಅದೆ. ಅಲ್ಲೇ ಉಟ್ಟಿ, ಅಲ್ಲೇ ಮರಿ ಆಕ್ತವೆ ಅವು. ಮರಿ ಕಾಣ್ದಿದ್ರೆ ಉಡಿಕ್ಕೊಂಡು ಇಲ್ಗೇ ಬತ್ತದೆ. ನಿಮ್ಮವ್ವ ಮಲಗೋದು ಇಲ್ಲೇ ಕಣ್ಲಾ!"

"ಮನುಸ್ರು ಮುಟ್ಟಿದ್ ಮರೀನ ತಾಯಿ ಸೇರ್ಸಲ್ಲ. ನೀನು ಓಗಮ್ಮ ಆಚ್ಗೆ," ಅಪ್ಪ ಗುರುಗುಟ್ಟಿದರು.

"ಯಾವೋನ್ಲಾ ಯೋಳ್ದೋನು? ಇದ್ ಜಾಗದಲ್ಲೇ ಮಡಗಿ ನೋಡು!"

ಅಪ್ಪ ಹೊರದಬ್ಬಲು ಕೈಯೆತ್ತಿದರು. ಅಮ್ಮ ಅಡ್ಡ ನಿಂತಳು. ಅಷ್ಟರಲ್ಲಿ ಬಂದ ಅರಣ್ಯ ಇಲಾಖೆಯವರು ಅಜ್ಜಿಯ ಮಾತೇ ಸರಿ ಎಂದರು. ಸಂಜೆಗೆ ಮುಂಚೆ ಮರಿಗಳನ್ನು ಸಿಕ್ಕಿದ್ದಲ್ಲೇ ಬಿಟ್ಟು ಬಂದೆವು.

ಬೆಳಗ್ಗೆ ಅವಿರಲಿಲ್ಲ. ತಾಯಿ ಕಚ್ಚಿಕೊಂಡು ಹೋಗಿತ್ತು. ಅದರ ಹೆಜ್ಜೆಗುರುತುಗಳು ನಮ್ಮ ಹಿತ್ತಿಲವರೆಗೂ ಮೂಡಿದ್ದವು. ಅಪ್ಪ ಅವನ್ನು ನೋಡಿ ಒಳಗೆ ಹೋದರು.

ನಾನು ಬಾಳೆಗೊನೆ ಹೊತ್ತು ಅಜ್ಜಿಯ ಮನೆಗೆ ಹೋದೆ.

"ಮರೀಗೋಸ್ಕರ ಬಂದಿದ್ದೆ, ನಿಮ್ಗಲ್ಲ. ನನ್ ನೆಲ ಬುಟ್ಕೊಟ್ಟು ಆಮೇಲೆ ಬಾ," ಎಂದು ಬಾಗಿಲು ಹಾಕಿಕೊಂಡರು. ಅಪ್ಪ ಬಿಟ್ಟುಕೊಡಲಿಲ್ಲ. ಬಿಡಿ ಎಂದು ಹೇಳುವ ಧೈರ್ಯ ನನಗೂ ಬರಲಿಲ್ಲ.

ಹೋದ ವರ್ಷ ಅಜ್ಜಿ ತೀರಿಕೊಂಡರು. ಹೂವಿನ ಹಾರ ಹಿಡಿದು ಹೋದರೆ ಅವರ ಮಗ ಬಾಗಿಲಲ್ಲೇ ತಡೆದ. "ನಿಮ್ ಮನೆಯೋರು ಬರ್ಕೂಡ್ದು ಅಂತ ಅವ್ವ ಯೋಳ್ಬುಟ್ಟು ಓಗವ್ಳೆ."

ರಸ್ತೆ ಬದಿಗೆ ಬಂದು ನಿಂತೆ. ಚಟ್ಟ ಹತ್ತಿರ ಬಂದಾಗ ಚಪ್ಪಲಿ ಬಿಟ್ಟು ಕೈಮುಗಿದೆ. ಮಗ ನನ್ನತ್ತ ನೋಡಿ ನೆಲಕ್ಕೆ ಉಗಿದು ಮುಂದೆ ನಡೆದ. ನಾನು ಕೈ ಇಳಿಸಲಿಲ್ಲ.