ನರ್ಸತ್ತೆಯ ಒಂಬತ್ತನೆಯ ಅಧ್ಯಾಯ

ಮೊನ್ನೆ ತಿಪಟೂರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಪ್ರಿಂಟರಿನಿಂದ ಆಗ ತಾನೇ ಹೊರಬಿದ್ದ ಕಾಗದದ ಬಿಸಿ ವಾಸನೆ ಮೂಗಿಗೆ ಬಂತು. ಅದೇ ಹೊತ್ತಿಗೆ ಅಂಗಡಿಯಾತ ಪಕ್ಕದಲ್ಲಿದ್ದವರಿಗೆ, “ನಿಮ್ಮ ಹಳೇ ಫೈಲು ಡಿಲೀಟ್ ಮಾಡ್ಬುಟ್ಟೆ ಕಣ್ರೀ, ಏನೂ ಇರ್ಲಿಲ್ಲ ಅದ್ರಲ್ಲಿ” ಎಂದ. ನನಗೆ ಸಂಬಂಧವೇ ಇಲ್ಲದ ಮಾತು. ಆದರೂ ಬಾಯಿ ಸುಮ್ಮನಿರಲಿಲ್ಲ. “ಏನೂ ಇರ್ಲಿಲ್ಲ ಅಂತ ನೀವು ಓದಿ ನೋಡಿದ್ರಾ?” ಎಂದು ಗದರಿಬಿಟ್ಟೆ. ಅಂಗಡಿಯಾತ ನನ್ನನ್ನು ಮೇಲಿಂದ ಕೆಳಗೆ ನೋಡಿ ಚಿಲ್ಲರೆ ಕೊಟ್ಟು ಕಳಿಸಿದ. ನಿವೃತ್ತ ಮೇಷ್ಟ್ರುಗಳ ತಲೆ ಸರಿಯಿರುವುದಿಲ್ಲ ಎಂಬ ಅವನ ಅಭಿಪ್ರಾಯ ಅಂದು ಗಟ್ಟಿಯಾಗಿರಬೇಕು.

ಸಿಟ್ಟು ಅವನ ಮೇಲಿನದಲ್ಲ. ಅದಕ್ಕೆ ಇಪ್ಪತ್ತು ವರ್ಷದ ಮೇಲಾಗಿದೆ. ನೀವೂ ಕೇಳಿ, ನನ್ನದು ಅತಿಯಾಯಿತೇ ಎಂದು ಆಮೇಲೆ ಹೇಳಿ.

ನನ್ನ ಸೋದರತ್ತೆ ರಾಜಮ್ಮ ಮಾಯಸಂದ್ರದ ಸುತ್ತಿನ ಹಳ್ಳಿಗಳಲ್ಲಿ ಸರ್ಕಾರಿ ಸೂಲಗಿತ್ತಿಯಾಗಿ ಮೂವತ್ತು ವರ್ಷ ನಡೆದವರು. ನಡೆದವರು ಎಂದರೆ ನಿಜವಾಗಿ ನಡೆದವರೇ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ತಗಡಿನ ಪೆಟ್ಟಿಗೆ. ಊರಿನವರಿಗೆ ಅವರು ನರ್ಸಮ್ಮ, ನಮಗೆ ನರ್ಸತ್ತೆ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, “ಬೇರೆಯವ್ರ ಹೆರಿಗೆ ಮಾಡ್ಸೋದ್ರಲ್ಲೇ ಸಾಕಾಯ್ತು ಕಣಪ್ಪ” ಎನ್ನುತ್ತಿದ್ದರು.

ನಿವೃತ್ತಿಯಾಗಿ ತುರುವೇಕೆರೆಯ ನಮ್ಮ ಮನೆಗೆ ಬಂದಾಗ ಅವರ ಕಣ್ಣು ಮಂಜಾಗಿತ್ತು. ಒಂದು ದಿನ ನನ್ನನ್ನು ಕರೆದು ಕೂರಿಸಿಕೊಂಡರು. “ನಾನು ಹಿಡಿದ ಮಕ್ಳು ಈಗ ತಾವೇ ಮಕ್ಳು ಕಂಡವ್ರೆ ಕಣ್ಲಾ. ತಾವು ಹೆಂಗ್ ಹುಟ್ಟಿದ್ವಿ ಅನ್ನೋದು ಅವ್ರಿಗೇ ಗೊತ್ತಿಲ್ಲ. ಬರ್ಕೋ.” ನಾನು ಬರೆದುಕೊಂಡೆ. ಎರಡು ವರ್ಷ, ಶಾಲೆ ಬಿಟ್ಟ ಮೇಲೆ, ಉತ್ತರಪತ್ರಿಕೆಯ ಖಾಲಿ ಹಾಳೆಗಳ ಮೇಲೆ. ಇಪ್ಪತ್ತೆರಡು ಅಧ್ಯಾಯಗಳಾದವು.

ಅದರಲ್ಲಿ ಒಂಬತ್ತನೆಯದು ಕೆಂಪಮ್ಮನದು. ಎರಡು ದಿನ ನೋವು ತಿಂದರೂ ಮಗು ಹೊರಬರಲಿಲ್ಲ. ತುರುವೇಕೆರೆ ಆಸ್ಪತ್ರೆಗೆ ಸಾಗಿಸದೆ ಬೇರೆ ದಾರಿಯಿಲ್ಲ. ಊರಿನಲ್ಲಿದ್ದ ಒಂದೇ ಒಳ್ಳೆಯ ಗಾಡಿ ಸಾಹುಕಾರರ ಅಂಗಳದಲ್ಲಿ ಕೊಬ್ಬರಿ ಚೀಲ ಹೇರಿಕೊಂಡು ನಿಂತಿತ್ತು. ಚೀಲ ಇಳಿಸಿ ಗಾಡಿ ಕೊಡಿ ಎಂದು ಅತ್ತೆ ಕೈ ಮುಗಿದರು. ನಾಳೆ ತಿಪಟೂರಿನಲ್ಲಿ ಸಂತೆ, ಇವತ್ತು ಆಗುವುದಿಲ್ಲ ಎಂಬ ಉತ್ತರ ಬಂತು. ಮಂಚದ ಮೇಲೆ ಮಲಗಿಸಿ ನಾಲ್ಕು ಜನ ಹೊತ್ತರು. ಕೆರೆ ಏರಿ ದಾಟುವಷ್ಟರಲ್ಲಿ ಕೆಂಪಮ್ಮ ಹೋದಳು. ಇದನ್ನು ಹೇಳುವಾಗ ಅತ್ತೆ “ಒಬ್ರು ಸಾಹುಕಾರ್ರು” ಎಂದರೇ ಹೊರತು ಹೆಸರು ಹೇಳಲಿಲ್ಲ. ಮುಗಿಸಿದ ಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು, “ಇದ್ನ ಇನ್ನೊಂದ್ ಸಲ ಕೇಳ್ಬೇಡ. ನನ್ ಕೈಲಾಗಲ್ಲ” ಎಂದರು.

ನಮ್ಮ ತುರುವೇಕೆರೆಗೆ ಆಗಷ್ಟೇ ಡಿಟಿಪಿ ಅಂಗಡಿ ಬಂದಿತ್ತು. ಗಾಜಿನ ಬಾಗಿಲು, ಒಂದು ಕಂಪ್ಯೂಟರು, ಅದಕ್ಕೆ ಹೊದಿಸಲು ಹೂವಿನ ಬಟ್ಟೆ. ಟೈಪು ಮಾಡುತ್ತಿದ್ದವಳು ಶಿವಲೀಲಾ, ಅರಳಗುಪ್ಪೆಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದ ಹುಡುಗಿ. ನಾನು ಕೊಟ್ಟ ಅತ್ತೆಯ ಅಧ್ಯಾಯಗಳನ್ನು ಟೈಪು ಮಾಡುತ್ತ ಮಾಡುತ್ತ ಕಣ್ಣೊರೆಸಿಕೊಳ್ಳುವಳು. “ಫ್ಲಾಪಿಗೂ ಹಾಕ್ಕೊಡ್ಲಾ ಸಾರ್?” ಎಂದು ಎರಡು ಸಲ ಕೇಳಿದಳು. “ಕಂಪ್ಯೂಟರಲ್ಲಿ ಐತಲ್ಲಮ್ಮ” ಎಂದೆ. ಆ ಯಂತ್ರದ ಮೇಲೆ ನನಗೆ ಎಂಥ ಭಕ್ತಿ ಎಂದರೆ, ಕೈಬರಹದ ಹಾಳೆಗಳು ಇನ್ನೇಕೆ ಎಂದು ಬಚ್ಚಲ ಒಲೆಗೆ ಹಾಕಿ ಹಂಡೆ ನೀರು ಕಾಯಿಸಿದೆ. ಆ ದಿನ ಸ್ನಾನ ಮಾಡಿದ್ದನ್ನು ನೆನೆಸಿಕೊಂಡರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಪ್ರಿಂಟು ತೆಗೆಸಲು ಹೋದ ದಿನ ಶಿವಲೀಲಾ ತಲೆ ತಗ್ಗಿಸಿ ನಿಂತಿದ್ದಳು. ಡಿಸ್ಕಿನಲ್ಲಿ ಜಾಗ ಸಾಲದೆಂದು, ಅವಳಿಲ್ಲದಾಗ, ಮಾಲೀಕ ಅತ್ತೆಯ ಫೋಲ್ಡರನ್ನು ಅಳಿಸಿಬಿಟ್ಟಿದ್ದ. “ಯಾವ್ದೋ ಹಳೇ ಲಗ್ನಪತ್ರಿಕೆ ಅನ್ಕೊಂಡೆ ಮೇಷ್ಟ್ರೇ” ಎಂದ. ತಪ್ಪು ಯಾರಿಂದಲೂ ಆಗುತ್ತದೆ. ಅಲ್ಲಿಯವರೆಗೆ ನನಗೆ ಬಂದದ್ದು ಸಂಕಟ. ಸಿಟ್ಟು ಬಂದದ್ದು ಅದರ ಮುಂದಿನ ಮಾತಿಗೆ.

ಶಿವಲೀಲಾ ಹೇಳಿದಳು: “ಅಳ್ಸಿದ ತಕ್ಷಣ ಹೋಗಿರಲ್ಲ ಸಾರ್. ಈ ಜಾಗ ಖಾಲಿ ಅಂತ ಕಂಪ್ಯೂಟರು ಗುರ್ತು ಮಾಡ್ಕೊಂಡಿರ್ತದೆ ಅಷ್ಟೇ. ಅದ್ರ ಮೇಲೆ ಬೇರೇದು ಬರೆದ್ರೆ ಮಾತ್ರ ಹೋಗ್ತದೆ. ಈಗ್ಲೇ ಆಫ್ ಮಾಡಿ ತುಮಕೂರಿಗೆ ತಗೊಂಡೋದ್ರೆ ಸಿಗ್ತದೆ.”

ಮಾಲೀಕ ನಕ್ಕ. “ಇದು ಮದ್ವೆ ಸೀಸನ್ನು ಕಣ್ರೀ. ಒಂದು ಮುದ್ಕಿ ಹೆರಿಗೆ ಕತೆಗೆ ನಾನು ಅಂಗಡಿ ಬಾಗ್ಲು ಹಾಕ್ಬೇಕಾ? ನಾಳೆ ನೋಡಾನ ಬುಡಿ.”

ನಾಳೆ ನೋಡಾನ! ಮೂರು ದಿನ ಅವನ ಅಂಗಡಿಯ ಬೆಂಚಿನ ಮೇಲೆ ಕೂತೆ. ಒಂದೊಂದು ಲಗ್ನಪತ್ರಿಕೆ ಟೈಪಾದಾಗಲೂ ಡಿಸ್ಕಿನ ಒಳಗೆ ಎಲ್ಲೋ ಅತ್ತೆಯ ಒಂದು ಪುಟ ಅಳಿಯುತ್ತಿದೆ ಎಂಬ ಅರಿವು. ವಧೂವರರ ಹೆಸರು ಕಂಡರೆ ಶಾಪ ಹಾಕುವ ಸ್ಥಿತಿಗೆ ಇಳಿದಿದ್ದೆ. ಪಾಪ, ಅವರು ಮಾಡಿದ್ದೇನು? ಕೂಗಿದೆ, ಬೇಡಿದೆ, ಪೊಲೀಸಿಗೆ ಹೇಳುತ್ತೇನೆಂದೆ. ಹೆಂಗಸೊಬ್ಬಳ ಹೆರಿಗೆಯ ಮಾತು ಪೊಲೀಸಿಗೆ ಹೇಗೆ ಹೇಳುತ್ತೀರಿ ಎಂದು ಅವನು ಇನ್ನೂ ಜೋರಾಗಿ ನಕ್ಕ.

ಮೂರನೆಯ ದಿನ ಮಧ್ಯಾಹ್ನ ಶಿವಲೀಲಾ ಪತ್ರಿಕೆಯೊಂದರ ಅರ್ಧದಲ್ಲಿ ಕೈ ಎತ್ತಿದಳು. ಎದ್ದು ಹೋಗಿ ಗೋಡೆಯ ಸ್ವಿಚ್ಚು ಆರಿಸಿದಳು. “ಇನ್ನು ನನ್ ಕೈಲಿ ಆಗಲ್ಲ ಅಣ್ಣ. ಇದ್ರ ಮೇಲೆ ನಾನು ಒಂದಕ್ಷರ ಹೊಡೆಯಲ್ಲ. ಬೇಕಾದ್ರೆ ನೀವೇ ಕೂತ್ಕೊಳಿ.” ಅವನಿಗೆ ಟೈಪು ಬರುತ್ತಿರಲಿಲ್ಲ. ಊರಿನಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಅರ್ಧ ಗಂಟೆ ಬೈದಾಡಿ, ಕೊನೆಗೆ ತಾನೇ ತಿರುಪು ಬಿಚ್ಚಿ ಡಿಸ್ಕನ್ನು ಕೈಗಿಟ್ಟ. ಮಾತಿನಿಂದ ನನಗಾಗದ್ದನ್ನು ಅವಳು ಒಂದು ಸ್ವಿಚ್ಚಿನಲ್ಲಿ ಮಾಡಿದ್ದಳು.

ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ನಾನೂ ಶಿವಲೀಲಾಳೂ ತುಮಕೂರಿಗೆ ಹೋದೆವು. ಕಂಪ್ಯೂಟರು ರಿಪೇರಿಯವರು ಅದನ್ನು ತಮ್ಮ ಯಂತ್ರಕ್ಕೆ ತಗುಲಿಸಿ ಹುಡುಕಿದರು. ಪರದೆಯ ಮೇಲೆ ಫೈಲುಗಳು ಸಾಲಾಗಿ ಎದ್ದು ಬಂದವು. ಪ್ರತಿಯೊಂದರ ಹೆಸರಿನ ಮೊದಲ ಅಕ್ಷರ ಹೋಗಿ, ಅಲ್ಲಿ ಪ್ರಶ್ನೆ ಚಿಹ್ನೆ ನಿಂತಿತ್ತು. ತೆರೆದರೆ ಕನ್ನಡದ ಫಾಂಟಿಲ್ಲದೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನಾನು ಕೈ ಚೆಲ್ಲಿದೆ. ಶಿವಲೀಲಾ ಪರದೆಗೆ ಮುಖ ತಂದು, ಮೇಜಿನ ಮೇಲೆ ಬೆರಳಾಡಿಸುತ್ತ, ಆ ಗೋಜಲನ್ನೇ ನಿಧಾನವಾಗಿ ಓದತೊಡಗಿದಳು: “ಆವತ್ತು... ಹಾಲ್ಕುರಿಕೆಯಿಂದ... ಒಂದು ಹೆಣ್ಣು...” ಯಾವ ಕೀಲಿಗೆ ಯಾವ ಗುರುತು ಬೀಳುತ್ತದೆಂದು ಅವಳ ಬೆರಳಿಗೆ ಗೊತ್ತಿತ್ತು. ನನಗೆ ಅಳು ಬಂತು. ರಿಪೇರಿಯವರು ಟೀ ತರಿಸಿದರು.

ಇಪ್ಪತ್ತೊಂದು ಅಧ್ಯಾಯ ಸಿಕ್ಕವು, ಕೆಲವು ಅಲ್ಲಲ್ಲಿ ಹರಿದಂತೆ. ಒಂಬತ್ತನೆಯದರಲ್ಲಿ ಮೂರು ಸಾಲು ಕೆಂಪಮ್ಮನ ನೋವು, ನಾಲ್ಕನೆಯ ಸಾಲಿನಿಂದ, “ತಾವುಗಳು ಸಕುಟುಂಬ ಸಮೇತರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ...”

ಅತ್ತೆಗೆ ಹೇಳದೆ ವಿಧಿಯಿರಲಿಲ್ಲ. ಎಲ್ಲ ಹೇಳಿದೆ, ಮಾಲೀಕನ ಮಾತನ್ನೂ ಬಿಡದೆ.

“ನಾಳೆ ನೋಡಾನ ಅಂದ್ನಾ?”

“ಹೂಂ ಅತ್ತೆ.”

“ಅವ್ರೂ ಹಂಗೇ ಅಂದಿದ್ರು ಕಣ್ಲಾ. ಸಂತೆ ಮುಗೀಲಿ, ನಾಳೆ ನೋಡಾನ ಅಂತ. ಒಬ್ಳನ್ನೇ ಎಷ್ಟು ಸಲ ಸಾಯಿಸ್ತೀರ್ಲಾ?” ಅವರ ದನಿ ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ. “ಮರ್ಯಾದೆ ಅಂತ ಹೆಸ್ರು ಮುಚ್ಚಿಟ್ಟಿದ್ದೆ. ಅದಕ್ಕೇ ಹೋಯ್ತೇನೋ. ತಗೊ ಕಾಗ್ದ. ಸಾಹುಕಾರ್ ಪುಟ್ಟಸ್ವಾಮಪ್ಪ ಅಂತ ಬರಿ. ದಪ್ಪಕ್ಷರದಲ್ಲಿ ಬರಿ.”

ಕೈಲಾಗುವುದಿಲ್ಲ ಎಂದಿದ್ದನ್ನು ಅವರು ಒಂದೇ ಉಸಿರಿಗೆ ಹೇಳಿದರು, ಈ ಸಲ ಅಳದೆ. ಮಂಚ ಹೊತ್ತ ನಾಲ್ವರ ಹೆಸರೂ ಬಂತು. ಶಿವಲೀಲಾ ಆ ಅಂಗಡಿ ಬಿಟ್ಟು ತಿಪಟೂರಿನಲ್ಲಿ ಕೆಲಸ ಹಿಡಿದಿದ್ದಳು. ಅಲ್ಲೇ ಟೈಪು ಮಾಡಿ, ನಾನು ಕೇಳುವ ಮೊದಲೇ ಎರಡು ಫ್ಲಾಪಿಗೆ ಹಾಕಿಕೊಟ್ಟಳು. ಪುಸ್ತಕ ಅಚ್ಚಾಯಿತು. ಅತ್ತೆ ಅದನ್ನು ಸವರಿ ನೋಡಿದರು. ಮರುವರ್ಷ ಹೋದರು.

ಈಗ ಅದರ ಎರಡನೆಯ ಮುದ್ರಣ ಆಗಬೇಕಿದೆ. ನಿನ್ನೆ ಸಂಜೆ ಒಂದು ಫೋನು ಬಂತು. ಬಹಳ ಮರ್ಯಾದಸ್ಥ ದನಿ. “ಪುಟ್ಟಸ್ವಾಮಪ್ಪನವರ ಮೊಮ್ಮಗ ಸಾರ್ ನಾನು. ಮನೇಲಿ ಶುಭಕಾರ್ಯ ನಡೀತಾ ಐತೆ. ಈ ಸಲ ನಮ್ಮ ತಾತನ ಹೆಸ್ರೊಂದು ಅಳ್ಸಿಬಿಟ್ರೆ ಉಪಕಾರ ಆಗ್ತದೆ.”

ನಾನು ಕೂಗಾಡುತ್ತೇನೆಂದು ನನ್ನ ಹೆಂಡತಿ ಬಾಗಿಲಿಗೆ ಬಂದು ನಿಂತಳು. ನಾನು ಕೂಗಲಿಲ್ಲ. “ಕೆಂಪಮ್ಮನ ಮನೆಯವ್ರನ್ನ ಕೇಳಿದ್ರಾ?” ಎಂದೆ.

“ಯಾವ ಕೆಂಪಮ್ಮ ಸಾರ್?”

“ಫೋನ್ ಇಡ್ಬೇಡಿ” ಎಂದೆ. ಪುಸ್ತಕ ತೆಗೆದುಕೊಂಡು, ಕನ್ನಡಕ ಏರಿಸಿ, ಒಂಬತ್ತನೆಯ ಅಧ್ಯಾಯವನ್ನು ಮೊದಲ ಸಾಲಿನಿಂದ ಓದತೊಡಗಿದೆ. ಕೆರೆ ಏರಿಗೆ ಬರುವ ಹೊತ್ತಿಗೂ ಅವರು ಫೋನ್ ಇಟ್ಟಿರಲಿಲ್ಲ. ನಾನು ಪುಟ ತಿರುವಿದೆ.