ಎಡಗೈ ಕುಲುಕುವವರ ಮನೆ

ಹಿತ್ತಾಳೆ ಪಾಲಿಶಿನ ವಾಸನೆ ಎಲ್ಲಿ ಬಂದರೂ ನನಗೆ ಮಧುಗಿರಿಯ ನಮ್ಮ ಮನೆಯ ಪಡಸಾಲೆ ಕಣ್ಣಿಗೆ ಕಟ್ಟುತ್ತದೆ. ಮೊನ್ನೆ ನಾನು ಪಾಠ ಮಾಡುವ ಶಿರಾದ ಶಾಲೆಯಲ್ಲಿ ಮಕ್ಕಳು ಪೆರೇಡಿಗೆಂದು ಬೆಲ್ಟಿನ ಬಕಲ್ ಉಜ್ಜುತ್ತ ಕೂತಿದ್ದರು. ಸೀಮೆಎಣ್ಣೆಯಂಥ ಆ ಘಾಟು ಮೂಗಿಗೆ ಬಂದದ್ದೇ ತಡ, ತರಗತಿಗೆ ಹೊರಟವಳು ಜಗಲಿಯ ಮೇಲೇ ನಿಂತುಬಿಟ್ಟೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೇ ಇರುತ್ತದೆ. ಹೋದ ಮನೆ, ಹೋದ ಜನ ಎಲ್ಲ ಒಂದು ಉಸಿರಿಗೆ ಒಳಗೆ ಬಂದು ಇನ್ನೊಂದು ಉಸಿರಿಗೆ ಆಚೆ ಹೋಗಿಬಿಡುತ್ತಾರೆ. ನಮ್ಮ ಮನೆ ಬೆಟ್ಟದ ಬುಡದ ಬೀದಿಯಲ್ಲಿತ್ತು. ಹಗಲೆಲ್ಲ ಕಾದ ಬಂಡೆ ಸಂಜೆಯಾದ ಮೇಲೆ ತನ್ನ ಕಾವನ್ನು ನಮ್ಮ ಹಿತ್ತಿಲಿಗೆ ಬಿಡುತ್ತಿತ್ತು. ಬೇಸಿಗೆಯಲ್ಲಿ ಗೋಡೆ ಮುಟ್ಟಿದರೆ ಅಂಗೈ ಬೆಚ್ಚಗಾಗುತ್ತಿತ್ತು. ಪಡಸಾಲೆಯ ಮೂಲೆಯಲ್ಲಿ ಅಜ್ಜಿ ಮದಲೂರಿನ ಹೊಲದಿಂದ ತರಿಸಿದ ಕಡಲೆಕಾಯಿ ಮೂಟೆ, ಅದರ ಮಣ್ಣಿನ ವಾಸನೆ, ಜೊತೆಗೆ ಪಾಲಿಶಿನ ಘಾಟು, ಗಂಜಿ ಹಾಕಿ ಇಸ್ತ್ರಿ ಮಾಡಿದ ಸ್ಕೌಟ್ ಅಂಗಿಗಳ ಸುಟ್ಟ ಕಂಪು. ಶನಿವಾರ ಸಂಜೆ ಎಂದರೆ ಇಷ್ಟೂ ಒಟ್ಟಿಗೆ.

ಅಪ್ಪ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಊರಿನವರ ಬಾಯಲ್ಲಿ ಸ್ಕೌಟ್ ಮೇಷ್ಟ್ರು. ಮದುವೆಗೆ ಮುಂಚೆ ಒಂದೇ ಒಂದು ಸಲ ಹೊರದೇಶದ ಜಾಂಬೂರಿಗೆ ಹೋಗಿದ್ದರು, ಬದುಕಿಡೀ ಅಲ್ಲಿಂದ ಪೂರ್ತಿ ವಾಪಸು ಬರಲೇ ಇಲ್ಲ. ಲೋಕದ ಸ್ಕೌಟ್ ಹುಡುಗರೆಲ್ಲ ಸೇರುವ ಆ ಮೇಳದಲ್ಲಿ ಕೊರಳಿನ ಸ್ಕಾರ್ಫನ್ನು ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳುವುದು ವಾಡಿಕೆ. ಹಾಗೆ ಸಿಕ್ಕಿದ ಸ್ಕಾರ್ಫುಗಳು ನಮ್ಮ ಪಡಸಾಲೆಯ ಗೋಡೆಯುದ್ದಕ್ಕೂ ಒಂದು ದಾರಕ್ಕೆ ನೇತಾಡುತ್ತಿದ್ದವು, ದೇವರ ಪಟಗಳಿಗಿಂತ ಒಂದು ಗೇಣು ಮೇಲೆ. ಊಟಕ್ಕೆ ಕೂತರೆ ಅಪ್ಪನಿಗೆ ಅದೇ ಮಾತು. ಜಪಾನಿನ ಹುಡುಗರು ಟೆಂಟಿನ ಮುಂದೆ ಬೂಟುಗಳನ್ನು ದಾರ ಹಿಡಿದ ಹಾಗೆ ಸಾಲಾಗಿ ಬಿಡುತ್ತಾರೆ. ಇಂಗ್ಲೆಂಡಿನವರು ಮರ ಹತ್ತಿಸುವುದಕ್ಕೂ ಅಪ್ಪ ಅಮ್ಮನ ಸಹಿ ಕೇಳುತ್ತಾರೆ. ಅಮೆರಿಕದಲ್ಲಿ ಒಬ್ಬ ಮೇಷ್ಟ್ರು ಒಂದು ಮಗುವಿನ ಜೊತೆ ಒಂಟಿಯಾಗಿ ಇರುವಂತಿಲ್ಲ, ಇನ್ನೊಬ್ಬ ದೊಡ್ಡವರು ಇರಲೇಬೇಕು. ಡೆನ್ಮಾರ್ಕಿನಲ್ಲಿ ಎಂಟು ವರ್ಷದ ಮಗುವಿನ ಸೊಂಟದಲ್ಲೂ ಚೂರಿ. ಯೂನಿಫಾರ್ಮಿನ ಸುದ್ದಿ ಬಂದರೆ ಅಪ್ಪನ ಕಣ್ಣು ತುಂಬಿ ಬರುತ್ತಿತ್ತು, ಸೇಫ್ಟಿಯ ಸುದ್ದಿ ಬಂದರೆ ನಗು. ಹಗ್ಗ, ಹೆಲ್ಮೆಟ್ಟು, ಸಹಿ ಇವೆಲ್ಲ ಬಂಡೆ ಇಲ್ಲದ ದೇಶದವರ ಗಾಬರಿ ಎನ್ನುತ್ತಿದ್ದರು. ಸ್ಕೌಟು ದಿನಕ್ಕೊಂದು ಒಳ್ಳೆಯ ಕೆಲಸ ಮಾಡಬೇಕಲ್ಲ. ಅಪ್ಪ ಮಾಡುತ್ತಿದ್ದರು, ಸುಳ್ಳೇಕೆ ಹೇಳಲಿ. ಬಸ್‌ಸ್ಟ್ಯಾಂಡಿನಲ್ಲಿ ಕಂಡವರ ಮೂಟೆ ಹೊರುತ್ತಿದ್ದರು, ಜ್ವರ ಬಂದ ಹುಡುಗರನ್ನು ಸೈಕಲ್ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ಯುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಕಟ್ಟಿದವರು ನಮ್ಮ ಬೀದಿಯಲ್ಲೇ ಬಾಡಿಗೆಗೆ ಇದ್ದಿರಬೇಕು.

ಸ್ಕೌಟುಗಳು ಕೈಕುಲುಕುವುದು ಎಡಗೈಯಿಂದ. ಯಾವ ದೇಶಕ್ಕೆ ಹೋದರೂ ಯೂನಿಫಾರ್ಮಿನ ಬಣ್ಣ ಬೇರೆ, ಟೋಪಿ ಬೇರೆ, ಇದೊಂದು ಬದಲಾಗುವುದಿಲ್ಲ ಎಂದು ಅಪ್ಪ ಎದೆಯುಬ್ಬಿಸಿ ಹೇಳುತ್ತಿದ್ದರು. ಎಡಗೈ ಹೃದಯಕ್ಕೆ ಹತ್ತಿರ. ಹಿಂದಿನ ಕಾಲದ ಯೋಧರು ಗುರಾಣಿ ಹಿಡಿಯುತ್ತಿದ್ದದ್ದು ಆ ಕೈಯಲ್ಲಿ. ಗುರಾಣಿ ಕೆಳಗಿಟ್ಟು ಆ ಕೈಯನ್ನು ಕೊಟ್ಟರೆ ನಿನ್ನನ್ನು ನಂಬಿದ್ದೇನೆ ಎಂದರ್ಥ. ಅಜ್ಜಿಗೆ ಇದು ಕೇಳಿದಾಗಲೆಲ್ಲ ಮೈಯುರಿ. "ತಿಕ ತೊಳ್ಯೋ ಕೈಯ ಕೊಡ್ತಾವಂತೆ, ಅದ್ನ ಇವ್ನು ಹಿಡ್ಕೊಂಡು ಕುಲುಕ್ತಾನಂತೆ" ಎಂದು ಕಡಲೆಕಾಯಿ ಬಿಡಿಸುತ್ತ ಗೊಣಗುತ್ತಿದ್ದಳು. ಅಪ್ಪ ನಗುತ್ತಿದ್ದರು. ಆದರೆ ಒಂದು ವಿಷಯದಲ್ಲಿ ತಾಯಿ ಮಗ ಇಬ್ಬರದೂ ಒಂದೇ ಮಾತು. ಆ ವಿಷಯ ನನ್ನ ತಮ್ಮ ಮಂಜ.

ಮಂಜ ನನಗಿಂತ ಮೂರು ವರ್ಷ ಚಿಕ್ಕವನು, ಹುಟ್ಟಾ ಎಡಚ. ಎಡಗೈಯಲ್ಲಿ ಕಲ್ಲು ಬೀರಿದನೆಂದರೆ ಗುರಿಯಿಟ್ಟ ಹುಣಸೆಕಾಯಿಯೇ ಬೀಳಬೇಕು, ಪಕ್ಕದ್ದಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಅಜ್ಜಿ, ನನ್ನ ಮಗ ಎಡಗೈಯಲ್ಲಿ ಅನ್ನ ಕಲಸುವುದೇ ಎಂದು ಅಪ್ಪ. ಊಟಕ್ಕೆ ಕೂರುವಾಗ, ಬರೆಯಲು ಕೂರುವಾಗ ಅಪ್ಪ ಗೋಡೆಯಿಂದ ಒಂದು ಸ್ಕಾರ್ಫ್ ಇಳಿಸಿ, ಮಂಜನ ಎಡಗೈಯನ್ನು ಬೆನ್ನ ಹಿಂದಕ್ಕೆ ತಂದು ಸೊಂಟಕ್ಕೆ ಸೇರಿಸಿ ಕಟ್ಟುತ್ತಿದ್ದರು. ಕಟ್ಟುತ್ತ ಕಟ್ಟುತ್ತಲೇ ನಮಗೆ ಪಾಠ. ಎಡದ ತುದಿ ಬಲದ ಮೇಲೆ, ಬಲದ ತುದಿ ಎಡದ ಮೇಲೆ, ಇದು ರೀಫ್ ಗಂಟು. ಚಪ್ಪಟೆಯಾಗಿ ಕೂರುತ್ತದೆ, ಗಾಯಾಳುವಿಗೆ ಒತ್ತುವುದಿಲ್ಲ, ಆದ್ದರಿಂದಲೇ ಪ್ರಥಮ ಚಿಕಿತ್ಸೆಗೆ ಇದೇ ಗಂಟು. ಇವತ್ತು ಜಪಾನು, ನಾಳೆ ಇಂಗ್ಲೆಂಡು ಎಂದು ಸರದಿ ಬೇರೆ. ಭೂಗೋಳದ ಪುಸ್ತಕಕ್ಕಿಂತ ಮುಂಚೆ ಮಂಜನಿಗೆ ದೇಶಗಳ ಹೆಸರು ಬಂದದ್ದು ಹೀಗೆ. ಬಲಗೈಯ ತುತ್ತು ಬಾಯಿಗೆ ಸೇರುವ ಮುಂಚೆ ಅರ್ಧ ಎದೆಯ ಮೇಲೆ ಚೆಲ್ಲುತ್ತಿತ್ತು. ಚೆಲ್ಲಿದ್ದನ್ನು ಒಂದೊಂದೇ ಅಗುಳು ಆರಿಸಿ ತಿನ್ನುವವರೆಗೆ ಅಪ್ಪ ಎದುರಿಗೆ ಕೂತಿರುತ್ತಿದ್ದರು. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಸುಮ್ಮನೆ ಕೂತಿರುತ್ತಿದ್ದರು. ಅದು ಹೊಡೆತಕ್ಕಿಂತ ಕೆಟ್ಟದಾಗಿತ್ತು.

ಅಮ್ಮ ಹೆಚ್ಚು ಮಾತಿನವಳಲ್ಲ. ಒಂದು ದಿನ ಮಾತ್ರ ಒಲೆಯ ಮುಂದಿನಿಂದ ಎದ್ದು ಬಂದು ಕೇಳಿದಳು: "ಎಲ್ಲಾ ದೇಶದೋರ ಎಡಗೈ ಹಿಡ್ಕಂತೀರ, ಈ ಮಗೀದು ಏನು ಪಾಪ ಮಾಡೈತೆ?"

"ಅದು ಯೂನಿಫಾರ್ಮಿನ ಕೈ ಕಣೇ. ಇದು ಮನೆ ಕೈ" ಎಂದರು ಅಪ್ಪ. ಅಮ್ಮ ಒಲೆಯ ಮುಂದಕ್ಕೆ ಹೋದಳು. ಅಪ್ಪ ಕಟ್ಟಿಟ್ಟು ಪೆರೇಡಿಗೆ ಹೋದ ದಿನಗಳಲ್ಲಿ ಕಟ್ಟು ಬಿಚ್ಚಿ, ಯಾವ ಕೈಯ ಗೋಜೂ ಬೇಡವೆಂದು ತಾನೇ ತುತ್ತು ಮಾಡಿ ಮಂಜನಿಗೆ ತಿನ್ನಿಸುತ್ತಿದ್ದಳು.

ಅವನಿಗೆ ಹತ್ತು ವರ್ಷವಾಗಿದ್ದಾಗ, ಚಳಿಗಾಲದಲ್ಲಿ, ಡೆನ್ಮಾರ್ಕಿನ ಒಂದು ಸ್ಕೌಟ್ ತಂಡ ನಮ್ಮ ಬೆಟ್ಟ ನೋಡಲು ಬಂತು. ಅಪ್ಪ ತಮ್ಮ ಹುಡುಗರ ಅಂಗಿಗಳಿಗೆ ಹಾಕಿಸಿದ ಗಂಜಿ ಎಷ್ಟೆಂದರೆ ಕಾಲರು ಕೊರಳು ಕೊಯ್ಯುತ್ತಿತ್ತು. ವ್ಯಾನಿನಿಂದ ಇಳಿದವರನ್ನು ನೋಡಿ ಅಪ್ಪನ ಮುಖ ಬಾಡಿತು. ಆ ಮಕ್ಕಳ ನೀಲಿ ಅಂಗಿಗಳು ಮುದುಡಿದ್ದವು, ತೋಳು ಮಡಿಚಿದ್ದವು, ಬ್ಯಾಡ್ಜುಗಳನ್ನು ಅವರೇ ಅಡ್ಡಾದಿಡ್ಡಿ ಹೊಲಿದುಕೊಂಡಿದ್ದರು. ನಾಯಕಿ ಇಂಗರ್ ಎಂಬ ನರೆಗೂದಲಿನ ಎತ್ತರದ ಹೆಂಗಸು. ಸಾಲಿನುದ್ದಕ್ಕೂ ಬಂದು ಒಬ್ಬೊಬ್ಬರ ಎಡಗೈ ಕುಲುಕಿದಳು. ನಾವು ಗೈಡ್ ಹುಡುಗಿಯರೂ ಸಾಲಿನಲ್ಲಿದ್ದೆವು. ಎಲ್ಲರೂ ಬೇರೆ ಯಾರದೋ ಕೈಯನ್ನು ಕೊಟ್ಟಂತೆ ಕೊಟ್ಟೆವು. ಮಂಜನ ಕೈ ಮಾತ್ರ ತಾನಾಗಿ ಮುಂದೆ ಹೋಯಿತು. ಮಧ್ಯಾಹ್ನ ನಮ್ಮ ಮನೆಯಲ್ಲೇ ಊಟ. ಎಲೆಯ ಮುಂದೆ ಕೂತ ಇಂಗರ್ ಚಮಚವನ್ನು ಎಡಗೈಗೆ ತೆಗೆದುಕೊಂಡಳು. ನೀರಿನ ಲೋಟಕ್ಕೂ ಎಡಗೈ, ಕನ್ನಡಕ ಸರಿಮಾಡಿಕೊಳ್ಳಲೂ ಎಡಗೈ. ಮಂಜ ಬಾಯಿ ತೆರೆದು ನೋಡಿದ. ನೆಂಟರ ಮುಂದೆ ಅಪ್ಪ ಅವನ ಕೈ ಕಟ್ಟಿರಲಿಲ್ಲ. ಅವನು ಅಪ್ಪನ ಕಡೆ ಒಮ್ಮೆ ನೋಡಿ, ಎಡಗೈಯನ್ನು ಅನ್ನಕ್ಕೆ ಇಳಿಸಿದ. ಇಂಗರ್ ತನ್ನ ಕೈಯನ್ನೂ ಅವನ ಕೈಯನ್ನೂ ತೋರಿಸಿ ನಕ್ಕಳು. ನಮ್ಮ ಮನೆಯಲ್ಲಿ ಮಂಜ ಅಷ್ಟು ಸುಖವಾಗಿ ಉಂಡದ್ದನ್ನು ನಾನು ಅದೊಂದೇ ದಿನ ನೋಡಿದ್ದು. ಅಪ್ಪನೂ ನಗುತ್ತಿದ್ದರು, ಹಲ್ಲು ಮಾತ್ರ ಕಾಣುವ ನಗು.

ಮಾರನೆಯ ಬೆಳಿಗ್ಗೆ ಎರಡೂ ತಂಡ ಬೆಟ್ಟ ಹತ್ತಿದೆವು. ಮೆಟ್ಟಿಲು ಮುಗಿದು, ಕೋಟೆಯ ಬಾಗಿಲುಗಳು ಮುಗಿದು, ಬರಿಯ ಬಂಡೆ ಶುರುವಾಗುವ ಕಡೆ ಇಂಗರ್ ನಿಂತಳು. ಕಾಲಿಡಲು ಕೊರೆದ ಗುಳಿಗಳನ್ನು ನೋಡಿದಳು, ಕಬ್ಬಿಣದ ಕಂಬಿಯನ್ನು ಅಲ್ಲಾಡಿಸಿ ನೋಡಿದಳು. ಹಗ್ಗ ಎಲ್ಲಿ, ಈ ಮಕ್ಕಳಿಗೆ ಹತ್ತಲು ಕಲಿಸಿದವರು ಯಾರು, ಬಿದ್ದರೆ ಆಸ್ಪತ್ರೆ ಎಷ್ಟು ದೂರ ಎಂದು ಕೇಳಿದಳು. ಸೇಫ್ಟಿಯ ಮಾತಿಗೆ ಅಪ್ಪ ಎಂದಿನಂತೆ ನಕ್ಕರು. ಅವಳು ತನ್ನ ಮಕ್ಕಳನ್ನು ನೆರಳಿಗೆ ಕೂರಿಸಿ ಬಿಸ್ಕತ್ತು ಹಂಚತೊಡಗಿದಳು. ಎಂಟು ವರ್ಷದವರ ಕೈಗೆ ಚೂರಿ ಕೊಡುವವರು ಬಂಡೆಗೆ ಹೆದರುವುದೇ ಎಂದು ಅಪ್ಪ ಇಂಗ್ಲಿಷಿನಲ್ಲಿ ಕೇಳಿದರು. ಚೂರಿ ಕೊಡುವ ಮುಂಚೆ ಹಿಡಿಯುವುದು ಹೇಗೆಂದು ತಿಂಗಳುಗಟ್ಟಲೆ ಕಲಿಸುತ್ತೇವೆ, ಕಲಿಸದೆ ಒಂದು ಸೂಜಿಯನ್ನೂ ಕೊಡುವುದಿಲ್ಲ ಎಂದಳು ಅವಳು. ಅಪ್ಪನ ಹುಡುಗರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಅಪ್ಪನ ಕಿವಿ ಕೆಂಪಾಯಿತು. ಸುತ್ತ ನೋಡಿ, ಎಲ್ಲರಿಗಿಂತ ಚಿಕ್ಕವನನ್ನು ಆರಿಸಿದರು. ಮಂಜ ಹತ್ತಿ ತೋರಿಸಬೇಕೆಂದು ಹುಕುಂ ಆಯಿತು.

ಅವನಿಗೆ ಅದೇನು ದೊಡ್ಡದಲ್ಲ, ಐದು ವರ್ಷದವನಿದ್ದಾಗಿನಿಂದ ಹತ್ತಿದ ಬಂಡೆ. ಎಡಗೈ ಮುಂದೆ ಮಾಡಿ, ಹಲ್ಲಿಯ ಹಾಗೆ, ನೋಡನೋಡುತ್ತಲೇ ಮೇಲೇರಿದ. ಆ ದೇಶದ ಮಕ್ಕಳು ಚಪ್ಪಾಳೆ ತಟ್ಟಿದರು. ಮಂಜ ತಿರುಗಿ ನೋಡಿ ನಕ್ಕದ್ದು ಇಂಗರ್ ಕಡೆಗೆ, ಅಪ್ಪನ ಕಡೆಗಲ್ಲ. ಅಪ್ಪ ಅದನ್ನು ನೋಡಿದರು. "ಬಲಗೈಲಿ ಹಿಡಿಲಾ, ಬಲಗೈ" ಎಂದು ಕೆಳಗಿನಿಂದ ಗದರಿದರು. ಅಷ್ಟು ವರ್ಷ ಕಟ್ಟಿಸಿಕೊಂಡ ಕೈ. ಆ ದನಿಗೆ ಎಡಗೈ ತಾನಾಗಿ ಕಂಬಿ ಬಿಟ್ಟಿತು, ಬಲಗೈಗೆ ಕಂಬಿ ಇನ್ನೂ ಸಿಕ್ಕಿರಲಿಲ್ಲ. ತುಂಬ ದೂರವೇನೂ ಬೀಳಲಿಲ್ಲ. ಜಾರಿ ಕೆಳಗಿನ ಹಾಸುಬಂಡೆಯ ಮೇಲೆ ಬಿದ್ದ, ಎಡಗೈ ಮೈಯ ಅಡಿಗೆ ಸಿಕ್ಕಿತು.

ಅಪ್ಪನಿಗಿಂತ ಮುಂಚೆ ಇಂಗರ್ ಅವನ ಹತ್ತಿರವಿದ್ದಳು. ಎರಡು ಕಡ್ಡಿ ಇಟ್ಟು, ತನ್ನ ಕೊರಳಿನ ಸ್ಕಾರ್ಫ್ ಬಿಚ್ಚಿ ಕಟ್ಟಿದಳು. ಕಟ್ಟಿದ ಮೇಲೆ ಅವನ ಉಗುರನ್ನು ಒತ್ತಿ ಒತ್ತಿ ರಕ್ತ ಓಡುವುದನ್ನು ನೋಡಿದಳು. ಇವತ್ತೇ ತುಮಕೂರಿಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿ ಎಂದು ಅಪ್ಪನಿಗೆ ಎರಡೆರಡು ಸಲ ಹೇಳಿ, ಒಪ್ಪಿಸಿ, ವ್ಯಾನು ಹತ್ತಿದಳು. ವ್ಯಾನು ಬೀದಿ ತಿರುಗಿದ ಮೇಲೆ ಅಪ್ಪ ಆ ಕಟ್ಟು ಬಿಚ್ಚಿಸಿ ಮಂಜನನ್ನು ಕೊರಟಗೆರೆ ಕಡೆಯ, ಮುರಿದ ಮೂಳೆಗೆ ನಾಟಿ ಕಟ್ಟು ಹಾಕುವ ಒಬ್ಬನ ಹತ್ತಿರ ಕರೆದುಕೊಂಡು ಹೋದರು. ನಾನೂ ಜೊತೆಗೆ ಹೋಗಿದ್ದೆ. ಆತ ಹಗುರಾಗಿಯೇ ಸುತ್ತುತ್ತಿದ್ದ. "ಇನ್ನೂ ಬಿಗೀರಿ. ಇವನು ಆ ಕೈ ಆಡಿಸ್ದೆ ಇರಲ್ಲ" ಎಂದವರು ಅಪ್ಪ. ಆತ ಬಿಗಿದ. ಮನೆಗೆ ಬಂದ ಮೇಲೆ ಬೆರಳು ಊದಿ ನೀಲಿಗಟ್ಟಿದವು. ಮಂಜ ಅಳುತ್ತಿದ್ದರೆ, ಸ್ಕೌಟು ಕಷ್ಟದಲ್ಲೂ ನಗುತ್ತಿರಬೇಕು ಎಂದು ಅಪ್ಪ ನಿಯಮ ಹೇಳಿದರು. ಕಟ್ಟು ಬಿಚ್ಚುತ್ತೇನೆಂದು ಹೋದ ಅಮ್ಮನ ಕೈಯನ್ನು ಅಜ್ಜಿ ತಡೆದಳು. ಕೊನೆಗೆ ವಾಸನೆ ಬರತೊಡಗಿದಾಗ ತುಮಕೂರಿಗೆ ಹೊರಟರು. ಅಲ್ಲಿ ಮೊಣಕೈಯ ಮೇಲಕ್ಕೆ ಕತ್ತರಿಸಿದರು. ಬಟ್ಟೆಯಲ್ಲಿ ಸುತ್ತಿ ಕೊಟ್ಟದ್ದನ್ನು ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಮದಲೂರಿನ ಹೊಲದಲ್ಲಿ ಹೂತು ಬಂದರು.

ಮಂಜ ಮನೆಗೆ ಬಂದ ದಿನ ಅಮ್ಮ ಅನ್ನ ಸಾರು ಬಡಿಸಿದಳು. ಅವನು ತಟ್ಟೆ ನೋಡುತ್ತ ಕೂತಿದ್ದ. ಆಮೇಲೆ ಬಲಗೈಯಲ್ಲಿ ಕಲಸಿದ. ಅಜ್ಜಿ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸದೆ, "ಹೋಗ್ಲಿ ಬುಡು, ಈಗ್ಲಾದ್ರೂ ನೆಟ್ಟಗೆ ಉಣ್ತಾನಲ್ಲ" ಎಂದಳು. ಸಮಾಧಾನಕ್ಕೆಂದೇ ಹೇಳಿದಳು, ನನಗೆ ಗೊತ್ತು. ಅವಳ ಬಾಯಿಗೆ ಬೆಂಕಿ ಬೀಳಲಿ ಎಂದು ನಾನು ಅವತ್ತು ಅಂದುಕೊಂಡೆ. ಅವಳು ಸತ್ತು ಎಷ್ಟೋ ವರ್ಷವಾದ ಮೇಲೂ ಹಾಗೇ ಅನ್ನಿಸುತ್ತದೆ. ಆದರೂ ಅವಳು ಹುರಿದ ಕಡಲೆಕಾಯಿಯ ರುಚಿ ಇನ್ನೆಲ್ಲೂ ಸಿಕ್ಕಿಲ್ಲ. ಅಮ್ಮ ಅವಳ ಜೊತೆ ಮಾತು ಬಿಟ್ಟಳು, ಅಜ್ಜಿ ಸಾಯುವವರೆಗೂ ಮತ್ತೆ ಆಡಲಿಲ್ಲ. ಅಪ್ಪ ಸ್ಕೌಟ್ ಬಿಡಲಿಲ್ಲ, ಸ್ಕಾರ್ಫುಗಳನ್ನು ಇಳಿಸಲೂ ಇಲ್ಲ. ಬರಬರುತ್ತ ದೇಶಗಳ ಮಾತು ಮಾತ್ರ ನಿಂತಿತು.

ಈಗ ಆ ಮನೆ ಇಲ್ಲ. ಕೆಡವಿ, ಬೆಟ್ಟ ಹತ್ತಲು ಬರುವವರ ಬೈಕು ನಿಲ್ಲಿಸುವ ಜಾಗ ಮಾಡಿದ್ದಾರೆ. ಮಂಜ ಪಾವಗಡದ ಆಚೆ ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸದಲ್ಲಿದ್ದಾನೆ. ಬಲಗೈಯ ಅಕ್ಷರ ಅಚ್ಚು ಹಾಕಿದ ಹಾಗೆ. ಅಲ್ಲಿ ಒಳಗೆ ಹೋಗುವ ಎಲ್ಲರಿಗೂ ಹೆಲ್ಮೆಟ್ಟು, ಬೂಟು, ದಪ್ಪ ಗ್ಲೌಸು ಕಡ್ಡಾಯ. ಗ್ಲೌಸು ಜೊತೆಯಾಗಿಯೇ ಬರುತ್ತದಲ್ಲ, ಎಡಗೈಯದನ್ನು ಅವನು ನನಗೆ ತಂದುಕೊಡುತ್ತಾನೆ, ಬಿಸಿ ಪಾತ್ರೆ ಇಳಿಸಲು ಇಟ್ಟುಕೋ ಅಕ್ಕ ಎನ್ನುತ್ತಾನೆ. ನನ್ನ ಅಡುಗೆಮನೆಯಲ್ಲಿ ಅವುಗಳದೊಂದು ರಾಶಿಯೇ ಇದೆ. ಅವನು ನಗುತ್ತಾನೆ, ನಾನು ನಗುವುದಿಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡರು. ಮದಲೂರಿನ ಹೊಲದಲ್ಲಿ ಗುಂಡಿ ತೆಗೆಸಿದ್ದರು. ಹಳೆಯ ಶಿಷ್ಯರು ಯೂನಿಫಾರ್ಮಿನಲ್ಲಿ ಬಂದು ಸಾಲಾಗಿ ನಿಂತು ಸೆಲ್ಯೂಟ್ ಹೊಡೆದರು, ಹಲವರು ಬಿಕ್ಕಿ ಬಿಕ್ಕಿ ಅತ್ತರು. ಅವರ ಅಳು ಸುಳ್ಳಲ್ಲ, ಅವರು ಕಂಡ ಮೇಷ್ಟ್ರೂ ಸುಳ್ಳಲ್ಲ. ನಾನೂ ಅತ್ತೆ, ಯಾರಿಗಾಗಿ ಎಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ಸಾವಿನ ಮಣ್ಣು ಹಾಕುವುದು ನಮ್ಮಲ್ಲಿ ಎಡಗೈಯಿಂದ. ಮೊದಲ ಮಣ್ಣು ಮಗನದು. ಕಣ್ಣು ಮಂಜಾದ ದೊಡ್ಡಪ್ಪ ರೂಢಿಯಂತೆ, "ಎಡಗೈಲಿ ಮೂರು ಹಿಡಿ ಹಾಕಪ್ಪಾ" ಎಂದುಬಿಟ್ಟರು. ಸಾಲಿನಲ್ಲಿದ್ದವರೆಲ್ಲ ನೆಲ ನೋಡಿದರು.

ಮಂಜ ಗುಂಡಿಯ ಅಂಚಿಗೆ ಹೋಗಿ ಬಗ್ಗಿದ. "ಬಲಗೈಲೇ ಹಾಕ್ತೀನಿ ಬುಡಿ ದೊಡ್ಡಪ್ಪ. ಅಪ್ಪಂಗೆ ಅದೇ ಅಲ್ವಾ ಬೇಕಾಗಿದ್ದಿದ್ದು" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಮಣ್ಣು ಎತ್ತಿದ, ಹಾಕಿದ, ಇನ್ನೊಮ್ಮೆ, ಮತ್ತೊಮ್ಮೆ. ನಿಧಾನವಾಗಿ, ನೀಟಾಗಿ, ಒಂದು ಚೂರೂ ಆಚೆಗೆ ಚೆಲ್ಲಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದರು ಅಪ್ಪ.