ಶ್ರೀ ಇಲ್ಲದ ಚೀಟಿ

ಚಂದ್ರಾ ಲೇಔಟಿನ ಕಾಂತರಾಜು ಮೂವತ್ತೊಂದು ವರ್ಷದಿಂದ ಮದುವೆ ಅಡುಗೆ ಮಾಡುತ್ತಿದ್ದಾರೆ. ಒಂದು ದಿನವೂ ರಜಾ ಹಾಕಿದವರಲ್ಲ. ಇದನ್ನು ಅವರೇ ದಿನಕ್ಕೆ ನಾಲ್ಕು ಸಲ ಹೇಳುವುದರಿಂದ ಬೀದಿಗೆಲ್ಲ ಬಾಯಿಪಾಠ. ಅವರದು ಒಂದೇ ಕಾನೂನು. ಮದುವೆ ಮನೆಯವರು ಕೊಡುವ ಅಡುಗೆ ಚೀಟಿಯ ತಲೆಯ ಮೇಲೆ 'ಶ್ರೀ' ಇರಬೇಕು, ಅದರ ಪಕ್ಕ ಅರಿಶಿನದ ಬೊಟ್ಟಿರಬೇಕು. ಇದ್ದರೆ ಕಣ್ಣು ಮುಚ್ಚಿಕೊಂಡು ಮಾಡುವುದು. ಇಲ್ಲವೋ, ಮದುಮಗನೇ ಬಂದು ಕಾಲು ಹಿಡಿದರೂ ಒಲೆ ಹಚ್ಚುವ ಮಾತಿಲ್ಲ.

ಈ ಕಾನೂನಿನಿಂದಲೇ ಹೋದ ವರ್ಷ ಅವರ ಮಾನ ಹರಾಜಾಯಿತು. ಆರ್‌ಪಿಸಿ ಲೇಔಟಿನ ಒಂದು ಛತ್ರದಲ್ಲಿ ಗಂಡಿನ ಸೋದರಮಾವ ನಾಗಭೂಷಣ್, ಹೀರೇಕಾಯಿ ಬಜ್ಜಿಗೆ ಪ್ರಾಣ ಬಿಡುವ ಆಸಾಮಿ, ಬೀಗರ ಚೀಟಿಯ ತಲೆ ಕತ್ತರಿಸಿ ತನ್ನ ಚೀಟಿಗೆ ಅಂಟಿಸಿ ಅಡುಗೆಮನೆಗೆ ಕೊಟ್ಟ. ಕಾಂತರಾಜು 'ಶ್ರೀ' ನೋಡಿದರು, ಕಣ್ಣಿಗೊತ್ತಿಕೊಂಡರು, ಆರುನೂರು ಜನಕ್ಕೆ ಬಜ್ಜಿ ಕರಿದರು. ತಲೆ ಹೋದ ಅಸಲಿ ಚೀಟಿಯನ್ನು ಯಾರೂ ಮೂಸಲಿಲ್ಲ. ಅದರಲ್ಲಿದ್ದ ಚಿರೋಟಿ ಆಗಲೇ ಇಲ್ಲ. ಹೆಣ್ಣಿನ ತಂದೆ ಎಲೆಯ ಮುಂದೆ ಕೂತು ಬಜ್ಜಿಯನ್ನೇ ದಿಟ್ಟಿಸಿದ್ದು ಕಾಂತರಾಜುಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಈಗ ನೋಡಿ ಗ್ರಹಚಾರ. ನಾಳೆ ವಿಜಯನಗರದಲ್ಲಿ ಮದುವೆ, ಇವತ್ತು ಸಂಜೆ ನೂರಮೂರು ಜ್ವರ. ಡಾಕ್ಟರು ಇನ್‌ಫ್ಲುಯೆಂಜಾ ಎಂದರು, ಐದು ದಿನ ಮನೆ ಬಿಟ್ಟು ಕದಲಬೇಡಿ ಎಂದರು. ಕಾಂತರಾಜು ಕಂಬಳಿ ಹೊದ್ದು ಗಡಗಡ ನಡುಗುತ್ತ ಸೌಟು ಹುಡುಕುತ್ತಿದ್ದರು.

"ಎಲ್ಲಿಗಪ್ಪಾ ಹೊರಟೆ?" ಎಂದಳು ಮಗಳು ಕೋಕಿಲಾ. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು.

"ರವಿಕುಮಾರ್ ಒಬ್ಬನ ಕೈಲಿ ಆಗಲ್ಲ ಕಣೇ."

ಹದಿನೆಂಟು ವರ್ಷದಿಂದ ಜೊತೆಗಿರುವ ರವಿಕುಮಾರ್ ಕೈಲಿ ಆಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಹೆದರಿಕೆಯೇ ಅದು. ತಾನಿಲ್ಲದೆಯೂ ಊಟ ಚೆನ್ನಾಗಿ ಆಗಿಬಿಟ್ಟರೆ?

"ಆರುನೂರು ಜನಕ್ಕೆ ಊಟದ ಜೊತೆ ಜ್ವರಾನೂ ಬಡಿಸ್ತೀಯಾ?"

"ಕಣ್ಣಿಗೆ ಕಾಣದ ಹುಳ, ಅದೇನೇ ಮಾಡುತ್ತೆ?"

"ನಿನ್ ಮೈಯಲ್ಲಿ ಒಂದೊಂದು ಜೀವಕೋಶಾನೂ ಒಂದೊಂದು ಅಡುಗೆಮನೆ ಅನ್ಕೋ. ಏನು ಮಾಡ್ಬೇಕು ಅಂತ ಒಳಗಿಂದ ಚೀಟಿ ಬರ್ತಾ ಇರುತ್ತೆ. ಪ್ರತಿ ಚೀಟಿ ತಲೆ ಮೇಲೂ ಒಂದು ಗುರುತು, ನಿನ್ ಶ್ರೀ ಥರ. ಅದಿಲ್ದಿದ್ರೆ ಅಡುಗೆಯವ್ರು ಕೈ ಹಾಕಲ್ಲ. ಈ ವೈರಸ್‌ಗೆ ಆ ಗುರುತು ಬರೆಯೋಕೆ ಬರಲ್ಲ. ಅದಕ್ಕೆ ನಮ್ ಚೀಟಿ ತಲೆ ಕತ್ತರಿಸಿ ತನ್ ಚೀಟಿಗೆ ಅಂಟಿಸ್ಕೊಳುತ್ತೆ. ಆಮೇಲೆ ನಮ್ಮ ಒಲೆ, ನಮ್ಮ ಸಾಮಾನು, ಆಗೋದೆಲ್ಲ ವೈರಸ್ಸು. ಒಂದು ಹೋಗಿ ಸಾವಿರ."

ಕಾಂತರಾಜು ಹಣೆ ಚಚ್ಚಿಕೊಂಡರು.

"ಥೂ ಅದರ! ಥೇಟ್ ನಾಗಭೂಷಣ್!"

"ಹೂಂ. ಮೈತುಂಬಾ ನಾಗಭೂಷಣ್‌ಗಳು. ಈಗ ಮಲಕ್ಕೋ."

"ಅರ್ಥ ಆಯ್ತಮ್ಮ. ಆದ್ರೂ ಬೆಳಗ್ಗೆ ನಾಲ್ಕಕ್ಕೆ ಹೋಗಲೇಬೇಕು" ಎಂದು ಬಾಯಿ ಮುಕ್ಕಳಿಸಲು ಬಚ್ಚಲಿಗೆ ಹೋದರು. ಇಂಥವರಿಗೆ ಏನು ಹೇಳೋಣ!

ಬರುವಷ್ಟರಲ್ಲಿ ದಿಂಬಿನ ಮೇಲೆ ಎರಡು ಕಾಗದ. ಒಂದು ನಾಳೆಯ ಮದುವೆಯ ಚೀಟಿ, ತಲೆಯಿಲ್ಲ. ಇನ್ನೊಂದು ಕೋಕಿಲಾಳ ಅಕ್ಷರದ್ದು. ಮೇಲೆ ಸೆಲೋಟೇಪಿನಲ್ಲಿ ಅಂಟಿಸಿದ ಅದೇ 'ಶ್ರೀ', ಅದೇ ಅರಿಶಿನದ ಬೊಟ್ಟು. ಕೆಳಗೆ: ರಾಗಿ ಗಂಜಿ. ಮೆಣಸಿನ ಸಾರು. ಐದು ದಿನ ಹಾಸಿಗೆ.

"ಅಯ್ಯೋ ಪಾಪಿ! ಶ್ರೀ ಕತ್ತರಿಸಿದ್ಯೇನೇ?"

"ಶ್ರೀ ಇಲ್ದಿರೋ ಚೀಟಿಗೆ ನೀನು ಒಲೆ ಹಚ್ಚಲ್ವಲ್ಲಪ್ಪ. ಕತ್ತರಿಸೋಕೆ ಮುಂಚೆ ಫೋಟೋ ತೆಗೆದು ರವಿಯಣ್ಣಂಗೆ ಕಳ್ಸಿದೀನಿ, ಶ್ರೀ ಸಮೇತ."

ಮೂವತ್ತೊಂದು ವರ್ಷದ ಕಾನೂನು ಕಾಂತರಾಜುವನ್ನೇ ಕಟ್ಟಿಹಾಕಿತು. ಕಣ್ಣಲ್ಲಿ ನೀರು ಬಂತು. ಜ್ವರಕ್ಕೆ ಎಂದರು. ಗಂಜಿ ಕುಡಿದು ಗೋಡೆ ಕಡೆ ತಿರುಗಿ ಮಲಗಿದರು.

ಮರುದಿನ ಮಧ್ಯಾಹ್ನ ರವಿಕುಮಾರ್ ಫೋನು. ಒಬ್ಬಟ್ಟು ಹೂವಿನಂತೆ ಬಂದಿತ್ತಂತೆ. ಕೋಸಂಬರಿ ಸಾಲದೆ ಮತ್ತೆ ಮಾಡಿದರಂತೆ. ಬೀಗರು ಅಡುಗೆಮನೆಗೇ ಬಂದು ಹೊಗಳಿದರಂತೆ. ಒಂದೊಂದಕ್ಕೂ ಕಾಂತರಾಜು ಮುಖ ಕಂಬಳಿಯೊಳಗೆ ಇನ್ನಷ್ಟು ಇಳಿಯಿತು.

"ಸಾರು?" ಎಂದರು ಕೊನೆಗೆ, ಸಣ್ಣ ದನಿಯಲ್ಲಿ.

ರವಿಕುಮಾರ್ ದನಿ ತಗ್ಗಿಸಿದ. "ಸಾರಿಗೆ ಉಪ್ಪು ಒಂಚೂರು ಕಮ್ಮಿ ಆಯ್ತಣ್ಣ. ನೀವಿದ್ದಿದ್ರೆ ಹಿಂಗಾಗ್ತಿರ್ಲಿಲ್ಲ."

"ಹಂಗಾ!" ಕಾಂತರಾಜು ಕಂಬಳಿ ಒದ್ದು ಎದ್ದು ಕೂತರು. "ಕೋಕಿಲಾ, ಇನ್ನೊಂದು ಲೋಟ ಗಂಜಿ ತಾರೇ! ಉಪ್ಪು ಮಾತ್ರ ಸರಿಯಾಗಿ ಹಾಕು."